ಮಾರಿ ಬಿಲ್ಟಿ

ನಮ್ಮ ರಾಯಚೂರು ಕಡೆ ಮಾರಿ ಎಂದರೆ ಮುಖ. ಮೈಸೂರಿನ ಗೆಳತಿಯರಿಗೆ ಇದನ್ನು ಮೊದಲೇ ಹೇಳಿಬಿಡಬೇಕು; ಇಲ್ಲದಿದ್ದರೆ ನಾನು ಯಾವುದೋ ದೇವಿಯ ಮಹಿಮೆ ಹೇಳಲು ಹೊರಟಿದ್ದೇನೆ ಎಂದುಕೊಳ್ಳುತ್ತಾರೆ. ಬಿಲ್ಟಿ ಎಂದರೆ ಲಾರಿ ಆಫೀಸಿನಲ್ಲಿ ಸಾಮಾನು ಬುಕ್ ಮಾಡಿದಾಗ ಕೊಡುವ ರಸೀದಿ. ಮಾಲು ಇಳಿಯುವ ಊರಿನಲ್ಲಿ ಅದನ್ನು ತೋರಿಸಿದವರಿಗೆ ಮಾಲು. ಈ ಎರಡು ಪದಗಳನ್ನು ಒಟ್ಟಿಗೆ ಕಟ್ಟಿ, ಹೈದರಾಬಾದಿನ ಕಾಚಿಗೂಡದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನ ಗುಮಾಸ್ತರೊಬ್ಬರು ತಮ್ಮದೇ ಒಂದು ಮಾತು ಮಾಡಿಕೊಂಡಿದ್ದರು: ಮಾರಿ ಬಿಲ್ಟಿ. ಆ ಮಾತನ್ನು ಅವರ ಬಾಯಿಂದಲೇ ಕೇಳಿಸಿಕೊಂಡು, ಅವರಿಗೆ ಮುಳುವಾಗುವ ಹಾಗೆ ಬರೆದಿಟ್ಟವಳು ನಾನು. ಇಷ್ಟು ವರ್ಷ ಇದನ್ನು ಎಲ್ಲೂ ಬರೆಯದೆ ಇದ್ದದ್ದಕ್ಕೆ ಕಾರಣ ನಾಚಿಕೆ, ಬೇರೇನೂ ಅಲ್ಲ.

ಅವರು ಅವ್ವನ ತವರೂರಿನವರು. ರಕ್ತಸಂಬಂಧವೇನೂ ಇರಲಿಲ್ಲ. ಅವ್ವ ಅವರನ್ನು ಅಣ್ಣಾ ಎನ್ನುತ್ತಿದ್ದಳು, ಹಾಗಾಗಿ ನನಗೆ ಮಾಮಾ. ಹೈಟೆಕ್ ಸಿಟಿಯ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ನನಗೆ ಅಲ್ಲೊಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಇರಲು ಜಾಗ ಸಿಗಲಿಲ್ಲ. ಅವ್ವ ಮಾಮಾನಿಗೆ ಒಂದು ಚೀಟಿ ಬರೆದು ಕೊಟ್ಟು ರೈಲು ಹತ್ತಿಸಿದಳು. ಕಾಚಿಗೂಡದಲ್ಲಿ ಇಳಿದು, ಇವರನ್ನು ಎಲ್ಲಿ ಹುಡುಕುವುದು ಎಂದು ನಿಂತಿದ್ದಾಗ ತೆಳ್ಳಗಿನ ಮನುಷ್ಯರೊಬ್ಬರು ನೇರ ಬಂದು ನನ್ನ ಚೀಲಕ್ಕೆ ಕೈ ಹಾಕಿದರು. ನಾನು ಗಾಬರಿಯಾಗಿ ಚೀಟಿ ಮುಂದೆ ಹಿಡಿದೆ.

"ಚೀಟಿ ನಿನ್ನ ಹತ್ರನಽ ಇಟ್ಕೋ ಯವ್ವಾ," ಎಂದರು. "ನಿಮ್ಮವ್ವನ ಮಾರಿ ಹಂಗಽ ಇಳದೈತಿ."

ಅವರು ಆ ಚೀಟಿಯನ್ನು ಕೊನೆಗೂ ಓದಲಿಲ್ಲ.

ನಾಲ್ಕು ತಿಂಗಳು ಅವರ ಮನೆಯಲ್ಲಿದ್ದೆ. ಎರಡೇ ಕೋಣೆ. ಒಳಗಿನದನ್ನು ನನಗೆ ಬಿಟ್ಟುಕೊಟ್ಟು ಮಾಮಾ-ಮಾಮಿ ಹೊರಗಿನ ಕೋಣೆಯಲ್ಲಿ ಮಲಗುತ್ತಿದ್ದರು. ಮಕ್ಕಳಿರಲಿಲ್ಲ. ಮಾಮಿ ಬೆಳಿಗ್ಗೆ ಜೋಳದ ರೊಟ್ಟಿ ಬಡಿಯುವ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಮನೆಯೊಳಗೆ ಅಚ್ಚ ರಾಯಚೂರು ಕನ್ನಡ; ಹೊಸ್ತಿಲು ದಾಟಿದರೆ ಮಾಮಾ ಕೆಲವರೊಡನೆ ತೆಲುಗು, ಕೆಲವರೊಡನೆ ಉರ್ದು. ಅವರಿಗೆ ಒಂದೇ ಒಂದು ಕೊರಗಿತ್ತು. ಅವರ ಅಡ್ಡಹೆಸರಿನ ನಡುವೆ ಒಂದು ಒತ್ತಕ್ಷರ ಬರುತ್ತದೆ. ಇಂಗ್ಲಿಷಿನಲ್ಲಿ ಬರೆದರೆ ಆ ಅಕ್ಷರ ಎರಡು ಸಲ ಬರಬೇಕು. ಹೈದರಾಬಾದಿನಲ್ಲಿ ರೇಷನ್ ಕಾರ್ಡಿನವರಿಂದ ಹಿಡಿದು ಅವರ ಆಫೀಸಿನವರ ತನಕ ಎಲ್ಲರೂ ಒಂದೇ ಬರೆಯುತ್ತಿದ್ದರು.

"ನಮ್ಮಪ್ಪ ಎರಡು ಕೊಟ್ಟು ಹೋಗ್ಯಾನ, ಈ ಊರಾಗ ಒಂದು ಎಲ್ಲಿ ಉದುರಿ ಬಿತ್ತೋ," ಎಂದು ಕರೆಂಟ್ ಬಿಲ್ಲನ್ನು ತೋರಿಸಿ ನಗುತ್ತಿದ್ದರು. ನಾನು ಗತ್ತಿನಿಂದ, "ನಾ ಬರದ್ರ ಎರಡೂ ಇರತಾವ ಬಿಡ್ರಿ ಮಾಮಾ," ಎಂದಿದ್ದೆ. ಬರೆದೆ ಕೂಡ.

ಮಾರಿ ಬಿಲ್ಟಿಯ ಹುಟ್ಟನ್ನು ಮಾಮಾ ನನಗೆ ಹೇಳಿದ್ದು ಹೀಗೆ. ಅವರು ಕೆಲಸಕ್ಕೆ ಸೇರಿದ್ದು ರೈಲಿನ ಕಾಲದಲ್ಲಿ. ಆಗ ಕಾಚಿಗೂಡಕ್ಕೆ ಬರುತ್ತಿದ್ದದ್ದು ಸಣ್ಣ ಹಳಿಯ ಗಾಡಿ. ದೊಡ್ಡ ಹಳಿಯ ಮೇಲೆ ಬಂದ ಮಾಲನ್ನು ನಡುದಾರಿಯಲ್ಲಿ ಎಲ್ಲೋ ಇಳಿಸಿ ಸಣ್ಣ ಹಳಿಯ ಡಬ್ಬಿಗೆ ಏರಿಸಬೇಕು. ಯಾವಾಗ ಏರಿಸುತ್ತಾರೆ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಬಿಲ್ಟಿ ಮಾತ್ರ ಅಂಚೆಯಲ್ಲಿ ನಾಲ್ಕೇ ದಿನಕ್ಕೆ ಬಂದು ಮುಟ್ಟುತ್ತಿತ್ತು. ವ್ಯಾಪಾರಿಗಳು ಅದನ್ನು ಜೇಬಿನಲ್ಲಿಟ್ಟುಕೊಂಡು ಎರಡು ವಾರ ದಿನಾ ಬಂದು, "ಬಂತಾ?" ಎಂದು ಕೇಳಿಕೊಂಡು ಹೋಗುತ್ತಿದ್ದರು. ಆಮೇಲೆ ಲಾರಿಗಳು ಹೆಚ್ಚಿದವು, ರಸ್ತೆಗಳು ಸುಧಾರಿಸಿದವು, ಮಾಮಾ ಕೂಡ ರೈಲಿನ ಕೆಲಸ ಬಿಟ್ಟು ಲಾರಿ ಆಫೀಸಿಗೆ ಬಂದರು. ಸೊಲ್ಲಾಪುರದಲ್ಲಿ ಇವತ್ತು ಏರಿಸಿದ ಗಂಟು ನಾಳೆ ಕಾಚಿಗೂಡದಲ್ಲಿ. ಅಂಚೆಯವರು ಮಾತ್ರ ತಮ್ಮ ನಾಲ್ಕು ದಿನ ಬಿಡಲಿಲ್ಲ. ಮಾಲು ಬಂದು ಗೋದಾಮಿನಲ್ಲಿ ಕುಳಿತಿದೆ, ಬಿಲ್ಟಿ ಇನ್ನೂ ದಾರಿಯಲ್ಲಿದೆ. ಮದುವೆಗೆ ತರಿಸಿದ ಪಾತ್ರೆಗಳು ಮದುವೆ ಮುಗಿಯುವ ತನಕ ಕಣ್ಣೆದುರೇ ಬಿದ್ದಿರುವುದು ಎಂಥ ನ್ಯಾಯ?

ಹಾಗಾಗಿ ಮಾಮಾ ತಮ್ಮದೇ ಒಂದು ಪದ್ಧತಿ ಹಾಕಿಕೊಂಡರು. ಬಿಲ್ಟಿ ಇಲ್ಲದೆ ಬಂದವರಿಗೆ ಮೂರು ಪ್ರಶ್ನೆ. ಕಳಿಸಿದವರು ಯಾರು? ಗಂಟಿನ ಮೇಲೆ ಏನು ಮಾರ್ಕಾ? ಒಳಗೆ ಏನಿದೆ? ಮಾರ್ಕಾ ಎಂದರೆ ಗೋಣಿಯ ಮೇಲೆ ಕಪ್ಪು ಮಸಿಯಲ್ಲಿ ಬರೆದ ಗುರುತು: ಒಂದು ತ್ರಿಕೋನ, ಒಂದು ನಕ್ಷತ್ರ, ಒಳಗೆ ಎರಡಕ್ಷರ. ಮೂರಕ್ಕೂ ಉತ್ತರ ಸರಿ ಬಂದರೆ ಕೆಂಪು ರಟ್ಟಿನ ಉದ್ದ ಪುಸ್ತಕದಲ್ಲಿ ಸಹಿ ಹಾಕಿಸಿ ಮಾಲು ಬಿಡುವುದು. ಬಿಲ್ಟಿ ಬಂದಾಗ ಅವರು ತಂದು ಕೊಡಬೇಕು, ಮಾಮಾ ಅದನ್ನು ಆ ಸಹಿಯ ಪಕ್ಕ ಅಂಟಿಸಬೇಕು.

"ಉತ್ತರ ಯಾರರೆ ಕಲತು ಬರ್ತಾರ," ಎನ್ನುತ್ತಿದ್ದರು. "ಕೇಳುವಾಗ ಮಾರಿ ನೋಡಬೇಕು. ಆ ಮಾರಿನಽ ಬಿಲ್ಟಿ."

ಅವರ ಮನೆ ಬಿಟ್ಟು ಕೂಕಟ್‌ಪಲ್ಲಿಯಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಫ್ಲ್ಯಾಟ್ ಹಿಡಿದು ಎರಡು ವರ್ಷವಾಗಿತ್ತು. ಆ ಲಾರಿ ಆಫೀಸಿನ ಹಳೇ ಮಾಲೀಕರು ತೀರಿಕೊಂಡು ಮಗ ಗಾದಿಗೆ ಬಂದಿದ್ದ. ಹತ್ತಾರು ಊರುಗಳಲ್ಲಿದ್ದ ಅವರ ಆಫೀಸುಗಳನ್ನು ಒಂದೇ ಕಂಪ್ಯೂಟರ್ ವ್ಯವಸ್ಥೆಗೆ ಜೋಡಿಸಬೇಕು, ಪ್ರತಿ ಗಂಟಿಗೂ ಬಾರ್‌ಕೋಡಿನ ಗೆರೆಗೆರೆ ಚೀಟಿ ಅಂಟಿಸಬೇಕು, ಮಾಲು ಎಲ್ಲಿದೆ ಎಂದು ಕುಳಿತಲ್ಲೇ ನೋಡಬೇಕು ಎಂಬುದು ಅವನ ಆಸೆ. ಆ ಕೆಲಸ ನಮ್ಮ ಕಂಪನಿಗೆ ಬಂತು. ಮೀಟಿಂಗಿನಲ್ಲಿ ಆ ಹೆಸರು ಕೇಳಿದ್ದೇ ತಡ, ನಾನು ಕೈ ಎತ್ತಿದೆ. "ಅಲ್ಲಿ ನನಗೆ ಒಬ್ಬರು ತುಂಬಾ ಚೆನ್ನಾಗಿ ಗೊತ್ತು," ಎಂದೆ. ಆ ಮಾತು ಹೇಳುವಾಗ ಎಷ್ಟು ಬೀಗಿದ್ದೆ ಎಂದು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ.

ಮೂರು ವಾರ ಮಾಮಾನ ಪಕ್ಕದ ಸ್ಟೂಲಿನ ಮೇಲೆ ಕುಳಿತು ಅವರು ಮಾಡುವುದನ್ನೆಲ್ಲ ಬರೆದುಕೊಂಡೆ. ಅವರಿಗಾದ ಸಂಭ್ರಮ ಇಷ್ಟಿಷ್ಟಲ್ಲ. ಬಂದ ವ್ಯಾಪಾರಿಗಳಿಗೆಲ್ಲ, "ನಮ್ಮ ತಂಗಿ ಮಗಳು. ನಮ್ಮ ಆಫೀಸಿಗೆ ಕಂಪ್ಯೂಟರ್ ತರಾಕತ್ತ್ಯಾಳ," ಎಂದು ತೋರಿಸುತ್ತಿದ್ದರು. ಹಮಾಲರ ಮುಖ್ಯಸ್ಥನನ್ನು ಕರೆದು ನನಗೆ ಸಲಾಂ ಹೇಳಿಸಿದರು. ಗೋಣಿಯ ಹೊಲಿಗೆ ನೋಡಿ ಅದು ದಾರಿಯಲ್ಲಿ ಬಿಚ್ಚಿಸಿಕೊಂಡಿದೆಯೋ ಇಲ್ಲವೋ ಹೇಳುವುದು ಹೇಗೆ, ಮಾರ್ಕಾ ಅಳಿಸಿದ್ದರೆ ಒದ್ದೆ ಬಟ್ಟೆ ಒತ್ತಿ ಓದುವುದು ಹೇಗೆ, ಎಲ್ಲವನ್ನೂ ಕೈಹಿಡಿದು ಕಲಿಸಿದರು. ಏನನ್ನೂ ಬಚ್ಚಿಡಲಿಲ್ಲ. ನಾನು ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದರು.

ಮಧ್ಯಾಹ್ನ ಊಟಕ್ಕೆ ಇಬ್ಬರೂ ಮನೆಗೆ ನಡೆದುಕೊಂಡು ಹೋಗುತ್ತಿದ್ದೆವು. ಒಂದು ದಿನ ಮಾಮಿ ಪುಂಡಿಪಲ್ಯ ಮಾಡಿದ್ದರು. ರೊಟ್ಟಿ ಮುರಿಯುತ್ತಾ ನಾನು ಸುಮ್ಮನೆ ಕೇಳಿದೆ, "ಮಾಮಾ, ಮಾರಿ ಬಿಲ್ಟಿ ಒಮ್ಮೆರೆ ತಪ್ಪೈತೇನ್ರಿ?"

ಮಾಮಾ ಮಾಮಿಯ ಮುಖ ನೋಡಿದರು. ಮಾಮಿ ನಕ್ಕು, "ಹೇಳ್ರಿ, ಆಕಿ ಏನು ಹೊರಗಿನಾಕಿ ಏನು," ಎಂದರು.

ಒಂದೇ ಒಂದು ಸಲ ತಪ್ಪಿತ್ತಂತೆ. ಸೊಲ್ಲಾಪುರದ ಚಾದರಗಳ ಎರಡು ಗಂಟು. ಬಂದವನು ಮೂರೂ ಉತ್ತರ ಸರಿ ಹೇಳಿದ, ಮುಖವೂ ಗೊತ್ತಿದ್ದದ್ದೇ. ಮಾಮಾ ಕೊಟ್ಟರು. ಮರುದಿನ ಅವನ ಅಣ್ಣ ಬಿಲ್ಟಿ ಹಿಡಿದು ಬಂದ. ಅಣ್ಣ-ತಮ್ಮ ಒಂದು ವಾರದ ಹಿಂದೆಯೇ ಬೇರೆಯಾಗಿದ್ದರು, ಮಾಮಾನಿಗೆ ಸುದ್ದಿ ಮುಟ್ಟಿರಲಿಲ್ಲ. ಆಫೀಸಿಗೆ ಮೈ ಹುಷಾರಿಲ್ಲ ಎಂದು ಹೇಳಿ ಕಳಿಸಿ, ಇಡೀ ದಿನ ಆ ತಮ್ಮನ ಮನೆ ಮೆಟ್ಟಿಲ ಮೇಲೆ ಒಂದು ಗುಟುಕು ನೀರೂ ಕುಡಿಯದೆ ಕುಳಿತರಂತೆ. ಸಂಜೆ ಹೊತ್ತಿಗೆ ಅವನೇ ಸೋತು ಎರಡೂ ಗಂಟನ್ನು ಹೊರಗೆ ತಂದಿಟ್ಟ.

"ದೊಡ್ಡ ಮಾಲೀಕರಿಗೂ ಇದು ಗೊತ್ತಿಲ್ಲ," ಎಂದರು ಮಾಮಾ. "ನಿಮ್ಮ ಮಾಮಿಗೆ ಗೊತ್ತು. ಈಗ ನಿನಗ."

ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ನಮ್ಮ ಕಂಪನಿಯ ವರದಿಗೆ ಒಂದು ಅಚ್ಚುಕಟ್ಟಾದ ನಮೂನೆ ಇತ್ತು. ಈಗಿನ ಪದ್ಧತಿ ಏನು, ಅದರಲ್ಲಿ ಅಪಾಯ ಏನು, ಎಂದಾದರೂ ಹಾಗೆ ಆಗಿದೆಯೇ, ಆಗಿದ್ದರೆ ವಿವರ, ತಿಳಿಸಿದವರು ಯಾರು. ಒಂದೊಂದಕ್ಕೂ ಒಂದು ಖಾನೆ. ಖಾಲಿ ಖಾನೆ ಕಂಡರೆ ನನಗೆ ಮೊದಲಿನಿಂದಲೂ ಕೈ ತುರಿಸುತ್ತದೆ. ಶಾಲೆಯಲ್ಲಿ ಗೊತ್ತಿಲ್ಲದ ಪ್ರಶ್ನೆಗೂ ಅರ್ಧ ಪುಟ ಬರೆದು ಬರುತ್ತಿದ್ದವಳು. ದಾಖಲೆ ಇಲ್ಲದೆ ಮುಖ ನೋಡಿ ಮಾಲು ಬಿಡುತ್ತಾರೆ ಎಂದು ಇಂಗ್ಲಿಷಿನಲ್ಲಿ ಬರೆದೆ. ಓದಿದ ನಮ್ಮ ತಂಡದ ಮುಖ್ಯಸ್ಥ, ಮುಖ ಗುರುತಿಸುವ ತಂತ್ರಜ್ಞಾನ ಅವರಲ್ಲಿ ಆಗಲೇ ಇದೆಯೇ, ಯಾವ ಕಂಪನಿಯದು ಎಂದು ಬದಿಯಲ್ಲಿ ಬರೆದು ಕೇಳಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಅವನು, ಆಗಿದ್ದರೆ ವಿವರ ಎಂಬ ಖಾನೆ ಖಾಲಿ ಇದೆಯಲ್ಲ, ಒಂದು ಉದಾಹರಣೆ ಸಿಕ್ಕರೆ ವರದಿಗೆ ತೂಕ ಬರುತ್ತದೆ ಎಂದ.

ಸೊಲ್ಲಾಪುರದ ಎರಡು ಗಂಟುಗಳನ್ನು ಆ ಖಾನೆಗೆ ತುಂಬಿದೆ. ಮೆಟ್ಟಿಲ ಮೇಲೆ ಉಪವಾಸ ಕುಳಿತದ್ದನ್ನು ಬರೆಯಲಿಲ್ಲ, ಅದಕ್ಕೆ ಖಾನೆ ಇರಲಿಲ್ಲ. ತಿಳಿಸಿದವರು ಎಂಬಲ್ಲಿ ಮಾಮಾನ ಪೂರ್ತಿ ಹೆಸರು ಹಾಕಿದೆ. ಗುಮಾಸ್ತರು ಎಂದಷ್ಟೇ ಬರೆಯಬಹುದಿತ್ತು. ಯಾರೂ ತಕರಾರು ಮಾಡುತ್ತಿರಲಿಲ್ಲ. ಹೆಸರಿದ್ದರೆ ಚೆನ್ನಾಗಿ ಕಾಣುತ್ತದೆ ಎಂದು ಹಾಕಿದೆ, ಅಷ್ಟೇ. ಅಡ್ಡಹೆಸರಿನಲ್ಲಿ ಎರಡಕ್ಷರವೂ ಇವೆಯೇ ಎಂದು ಮತ್ತೊಮ್ಮೆ ನೋಡಿ, ಸರಿ ಇದೆ ಎಂದು ಸಮಾಧಾನಪಟ್ಟುಕೊಂಡದ್ದೂ ನೆನಪಿದೆ.

ವರದಿ ಚಿಕ್ಕ ಮಾಲೀಕನಿಗೆ ಹೋಯಿತು. ಅವನು ಅದನ್ನು ಬಹಳ ಮೆಚ್ಚಿಕೊಂಡ ಎಂದು ತಿಳಿದು ನಮ್ಮ ಮುಖ್ಯಸ್ಥ ನನ್ನ ಬೆನ್ನು ತಟ್ಟಿದ.

ಒಂದು ತಿಂಗಳಾದ ಮೇಲೆ ಮಾಮಿಯ ಫೋನು ಬಂತು. ಮಾಮಾನನ್ನು ಕೌಂಟರಿನಿಂದ ಎಬ್ಬಿಸಿ ಗೇಟಿನ ಹತ್ತಿರ ಕೂಡಿಸಿದ್ದರು; ಬಂದು ಹೋಗುವ ಲಾರಿಗಳ ನಂಬರು ಬರೆಯುವ ಕೆಲಸ. "ಕರದು ಏನೋ ಒಂದು ಹಾಳಿ ತೋರಿಸಿದ್ರಂತ. ಏನು ಅಂತ ಕೇಳಿದ್ರ ಹೇಳವಲ್ಲರು," ಎಂದರು ಮಾಮಿ. "ನಿನಗೇನರೆ ಗೊತ್ತೈತೇನವಾ?"

"ಇಲ್ರಿ ಮಾಮಿ," ಎಂದೆ.

ಆ ಎರಡು ಪದ ಹೇಳಲು ನಾನು ಒಂದು ಗಳಿಗೆಯೂ ತಡಮಾಡಲಿಲ್ಲ. ನಾನು ಬರೆದದ್ದಕ್ಕಿಂತ ಇದೇ ಹೆಚ್ಚು ಕೆಟ್ಟದ್ದು ಎಂದು ಈಗ ಅನಿಸುತ್ತದೆ. ಬರೆಯುವಾಗ ತಲೆಗೆ ಹೊಳೆಯಲಿಲ್ಲ ಎನ್ನಬಹುದು. ಫೋನಿನಲ್ಲಿ ಎಲ್ಲ ಗೊತ್ತಿದ್ದೇ ಸುಳ್ಳು ಹೇಳಿದೆ. ಆಮೇಲೆ ಕೆಲವೇ ತಿಂಗಳಲ್ಲಿ ಕಾಚಿಗೂಡದ ಆಫೀಸು ಮುಚ್ಚಿತು. ಊರೊಳಗೆ ದೊಡ್ಡ ಲಾರಿಗಳು ಬರುವುದು ಕಷ್ಟವಾಗಿತ್ತು, ಮಿಯಾಪುರದ ಆಚೆ ತಗಡಿನ ಚಾವಣಿಯ ಭಾರೀ ಗೋದಾಮು ಕಟ್ಟಿಸಿದ್ದರು. ಅಷ್ಟು ದೂರ ನೀವು ಬರುವುದು ಬೇಡ ಎಂದು ಮಾಮಾನಿಗೆ ಶಾಲು ಹೊದಿಸಿ ಕಳಿಸಿಬಿಟ್ಟರು. ಆ ಕೆಂಪು ರಟ್ಟಿನ ಪುಸ್ತಕಗಳು ರದ್ದಿಗೆ ಹೋದವಂತೆ.

ನಾನು ಕಾಚಿಗೂಡಕ್ಕೆ ಹೋಗುವುದನ್ನು ಬಿಟ್ಟೆ. ರಾಯಚೂರಿಗೆ ಹೋಗುವಾಗಲೂ ಅಲ್ಲಿಂದ ರೈಲು ಹತ್ತದೆ, ಸುತ್ತಿ ಬಳಸಿ ಬಸ್ಸು ಹಿಡಿಯುತ್ತಿದ್ದೆ. ಪ್ರತಿ ದೀಪಾವಳಿಗೆ ಕೊರಿಯರಿನಲ್ಲಿ ಮಾಮಾನಿಗೆ ಒಂದು ಸಿಹಿ ಡಬ್ಬಿ ಕಳಿಸುತ್ತಿದ್ದೆ. ಒಂದೇ ಊರಿನೊಳಗೆ, ಸಿಟಿ ಬಸ್ಸಿನಲ್ಲಿ ಹೋಗಿ ಕೊಡಬಹುದಾದ ಡಬ್ಬಿ. ಮುಟ್ಟಿತೋ ಇಲ್ಲವೋ ಎಂದು ಆಫೀಸಿನ ಕಂಪ್ಯೂಟರಿನಲ್ಲಿ ನೋಡುತ್ತಿದ್ದೆ. ಮುಟ್ಟಿದ ಮೇಲೆ ತೆಗೆದುಕೊಂಡವರ ಸಹಿ ಪರದೆಯ ಮೇಲೆ ಕಾಣುತ್ತಿತ್ತು. ಮಾಮಾ ಕನ್ನಡದಲ್ಲೇ ಸಹಿ ಹಾಕುತ್ತಿದ್ದರು, ಒತ್ತಕ್ಷರವನ್ನು ಒತ್ತಿ ಬರೆದು. ಅದನ್ನು ನೋಡಿ ಬೇಗ ಕಿಟಕಿ ಮುಚ್ಚಿಬಿಡುತ್ತಿದ್ದೆ.

ಹೀಗೆ ನಾಲ್ಕು ದೀಪಾವಳಿ ಕಳೆದವು. ಅಷ್ಟರಲ್ಲಿ ಕೂಕಟ್‌ಪಲ್ಲಿಯಲ್ಲೇ ನನ್ನದೊಂದು ಫ್ಲ್ಯಾಟ್ ಆಗಿತ್ತು. ರಾಯಚೂರಿನಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದ ಅವ್ವ, ಇನ್ನು ಸಾಕು, ನಿನ್ನ ಕಡೆನೇ ಬರ್ತೀನಿ ಎಂದಳು. ಬಟ್ಟೆಬರೆ ತಾನು ತಂದಳು. ತನ್ನ ಹೊಲಿಗೆ ಮಷೀನನ್ನು ಲಾರಿಗೆ ಹಾಕಿಸಿ ಬಂದಳು. ಯಾವ ಲಾರಿ ಆಫೀಸು ಎಂದು ಕೇಳುವ ಮೊದಲೇ, "ಅಣ್ಣನ ಆಫೀಸಿನ್ಯಾಗಽ ಹಾಕಿಸೀನಿ," ಎಂದಳು. ಮಾಮಾ ಅಲ್ಲಿಂದ ಹೊರಬಿದ್ದದ್ದು ಅವಳಿಗೆ ಗೊತ್ತಿತ್ತು, ವಯಸ್ಸಾಯಿತು ಎಂದು ಬಿಟ್ಟರು ಅಂದುಕೊಂಡಿದ್ದಳು.

"ಬಿಲ್ಟಿ ಎಲ್ಲೈತಿ ಅವ್ವಾ?"

"ಮಷೀನಿನ ಖಾನ್ಯಾಗ ಇಟ್ಟೀನಿ."

"ಯಾವ ಮಷೀನಿನ?"

"ಎಷ್ಟು ಮಷೀನ್ ಅದಾವ ನನಗ? ಅವರು ಗೋಣಿ ಹೊಲಿಯೂಕ್ಕಿಂತ ಮೊದಲ ಜ್ವಾಕಿ ಇರಲಿ ಅಂತ ಖಾನ್ಯಾಗ ಹಾಕಿ ಕೀಲಿ ಹಾಕೀನಿ. ಕೀಲಿ ಇಲ್ಲೈತಿ ನೋಡು." ಕೊರಳ ದಾರದಲ್ಲಿದ್ದ ಕೀಲಿಯನ್ನು ಎತ್ತಿ ತೋರಿಸಿದಳು.

ನಲವತ್ತು ವರ್ಷದಿಂದ ಅವಳ ಬೆಲೆಬಾಳುವ ಕಾಗದಗಳೆಲ್ಲ ಇದ್ದದ್ದು ಆ ಮಷೀನಿನ ಎಡಗಡೆಯ ಖಾನೆಯಲ್ಲೇ. ನನ್ನ ಜನ್ಮಪತ್ರಿಕೆಯೂ ಅಲ್ಲೇ ಇತ್ತು. ಮಾಲಿನ ಬಿಲ್ಟಿ ಮಾಲಿನ ಹೊಟ್ಟೆಯೊಳಗೆ ಕುಳಿತು ಹೈದರಾಬಾದಿಗೆ ಬಂದಿತ್ತು. ಸಾಲದ್ದಕ್ಕೆ, ಅವ್ವ ಬರೆಸಿದ್ದ ಮೊಬೈಲ್ ನಂಬರು ನಾನು ಯಾವತ್ತೋ ಬಿಟ್ಟ ಹಳೆಯದು.

ಮರುದಿನ ರಜೆ ಹಾಕಿ ಅವ್ವನನ್ನು ಕರೆದುಕೊಂಡು ಗೋದಾಮಿಗೆ ಹೋದೆ. ಒಳಗೆ ಹಮಾಲರ ಗದ್ದಲವಿಲ್ಲ. ಗಂಟುಗಳು ಹಲಗೆಗಳ ಮೇಲೆ ಕುಳಿತು ಸಣ್ಣ ಗಾಡಿಗಳಲ್ಲಿ ಓಡಾಡುತ್ತಿದ್ದವು. ಮಸಿಯ ಮಾರ್ಕಾ ಒಂದರ ಮೇಲೂ ಇರಲಿಲ್ಲ, ಎಲ್ಲಕ್ಕೂ ಗೆರೆಗೆರೆ ಚೀಟಿ. ಗಾಜಿನ ಆಚೆ ಗೋಣಿ ಸುತ್ತಿಕೊಂಡು ನಿಂತ ನಮ್ಮ ಮಷೀನು ಕಾಣುತ್ತಲೇ ಇತ್ತು. ಕೌಂಟರಿನ ಹೆಂಗಸು ಬಹಳ ಮರ್ಯಾದೆಯಿಂದ ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದಳು: ದಾಖಲೆ ಇಲ್ಲದೆ ಮಾಲು ಬಿಡುವಂತಿಲ್ಲ. ಕೆಂಪಕ್ಷರದ ಆ ಇಂಗ್ಲಿಷ್ ಸಾಲು ನಾನೇ ಬರೆದದ್ದು. ಒಳಗಿರುವ ಬಿಲ್ಟಿಯನ್ನು ತೆಗೆದು ತೋರಿಸುತ್ತೇವೆ, ಖಾನೆ ತೆರೆಯಲು ಬಿಡಿ ಎಂದೆ. ಕೊಡುವ ಮೊದಲು ಮಾಲನ್ನು ಬಿಚ್ಚುವಂತಿಲ್ಲ ಎಂದಳು. ಅದೂ ನನ್ನದೇ ನಿಯಮ.

ಈ ತಂತ್ರಾಂಶ ಮಾಡಿದವಳು ನಾನು, ನಿಮ್ಮ ಮ್ಯಾನೇಜರನ್ನು ಕರೆಯಿರಿ ಎನ್ನಬಹುದಿತ್ತು. ಹೇಳಿಬಿಡೋಣ ಎಂದು ತಿರುಗಿದರೆ ಅವ್ವ ಪಕ್ಕದಲ್ಲಿರಲಿಲ್ಲ. ಹೊರಗಿನ ಫೋನು ಬೂತಿನಿಂದ ನಗುತ್ತಾ ಬರುತ್ತಿದ್ದಳು.

"ಅಣ್ಣಗ ಫೋನ್ ಮಾಡೀನಿ. ಬರಾಕತ್ತಾನ," ಎಂದಳು. "ಇದೆಲ್ಲಾ ಅವನಿಗೆ ಬಿಡು."

ಕಾಚಿಗೂಡದಿಂದ ಎರಡು ಬಸ್ಸು ಬದಲಿಸಿ ಮಾಮಾ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ನಾಲ್ಕು ವರ್ಷದಲ್ಲಿ ಇನ್ನೂ ತೆಳ್ಳಗಾಗಿದ್ದರು. ನನ್ನನ್ನು ನೋಡಿ, "ಆರಾಮ ಅದಿಯೇನವಾ?" ಎಂದು ಕೇಳಿ, ನಾನು ಉತ್ತರ ಕೊಡುವ ಮೊದಲೇ ಕೌಂಟರಿನ ಕಡೆ ನಡೆದರು. ಮೂಲೆಯಲ್ಲಿ ಕುಳಿತಿದ್ದ ಒಬ್ಬ ಹಳೇ ಹಮಾಲ ಎದ್ದು ನಿಂತು, "ಸಲಾಂ ಮುನ್ಶೀ ಸಾಬ್," ಎಂದ. ಮಾಮಾ ಅವನ ಭುಜ ಮುಟ್ಟಿದರು.

ಕೌಂಟರಿನ ಎದುರು ನಿಂತು, ತಮ್ಮ ಹೆಸರು ಹೇಳಿ, ಮಾಮಾ ಅವ್ವನ ಕಡೆ ತಿರುಗಿದರು. ಅವಳನ್ನು ಎಂದೂ ನೋಡಿಯೇ ಇಲ್ಲವೇನೋ ಎಂಬಂತೆ ಮುಖ ಗಂಭೀರ ಮಾಡಿಕೊಂಡು ಕೇಳಿದರು.

"ಮಾಲು ಯಾರು ಕಳಿಸ್ಯಾರ್ರಿ?"

"ನಾನಽ," ಎಂದಳು ಅವ್ವ, ನಗು ತಡೆದುಕೊಂಡು.

"ಮ್ಯಾಲೆ ಏನು ಮಾರ್ಕಾ ಐತಿ?"

"ಮಾರ್ಕಾ ಏನಿಲ್ಲ. ನನ್ನ ಹಳೇ ಸೀರಿ ಅಂಚು ಸುತ್ತೀನಿ, ಹಸರದ್ದು."

"ಒಳಗ ಏನೈತಿ?"

"ಹೊಲಿಗಿ ಮಷೀನು. ಎಡಗಡಿ ಖಾನ್ಯಾಗ ಬಿಲ್ಟಿ."

ಮಾಮಾ ಕೌಂಟರಿನ ಕಡೆ ತಿರುಗಿ, ಸ್ವಚ್ಛ ತೆಲುಗಿನಲ್ಲಿ, "ಕೊಡಬಹುದಮ್ಮ. ಇವರದೇ ಮಾಲು. ನಾನು ಹೇಳುತ್ತಿದ್ದೇನೆ. ಪುಸ್ತಕ ಕೊಡಿ, ಸಹಿ ಹಾಕುತ್ತೇನೆ," ಎಂದರು. ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದರು.

ಆ ಹೆಂಗಸಿಗೆ ಏನೂ ಅರ್ಥವಾಗಲಿಲ್ಲ. ಪಾಪ, ಅವಳದೇನು ತಪ್ಪು? ಪುಸ್ತಕ ಎಂಬುದೇ ಅಲ್ಲಿರಲಿಲ್ಲ. ರಾಯಚೂರಿನಿಂದ ನಕಲು ಬಿಲ್ಟಿ ತರಿಸಬೇಕು, ಛಾಪಾ ಕಾಗದದ ಮೇಲೆ ಬರೆದುಕೊಡಬೇಕು, ಹತ್ತು ದಿನವಾಗುತ್ತದೆ ಎಂದಳು. ಮಾಮಾ ಕದಲಲಿಲ್ಲ. ಹಿಂದೆ ಸಾಲು ಬೆಳೆಯಿತು. ಅವಳು ಮತ್ತೆ ಮೆಲ್ಲಗೆ, "ಅಂಕುಲ್, ಕೊಂಚೆಂ ಪಕ್ಕಕು ರಂಡಿ," ಎಂದಳು, ಸ್ವಲ್ಪ ಪಕ್ಕಕ್ಕೆ ಬನ್ನಿ ಎಂದು.

ಮಾಮಾ ಪಕ್ಕಕ್ಕೆ ಬಂದರು. ಪೆನ್ನಿನ ಮುಚ್ಚಳ ಹಾಕಲು ಎರಡು ಸಲ ಪ್ರಯತ್ನಿಸಿದರು, ಕೂಡಲಿಲ್ಲ. ಮೂರನೆಯ ಸಲ ಕೂಡಿತು. ನನಗೆ ಅಲ್ಲೇ ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು. ಆದರೂ ಮ್ಯಾನೇಜರನ್ನು ಕರೆಸಲಿಲ್ಲ. ಕರೆಸಿದರೆ ನಾನು ಯಾರು ಎಂದು ಮಾಮಾನ ಎದುರೇ ಹೇಳಬೇಕಾಗುತ್ತಿತ್ತು. ನನ್ನ ಗುಟ್ಟು ಉಳಿಯಲೆಂದು ಅವರನ್ನು ಅಷ್ಟು ಜನರ ಮುಂದೆ ಹಾಗೆ ನಿಲ್ಲಿಸಿದೆ.

ವಾಪಸು ಸಿಟಿ ಬಸ್ಸು ಹತ್ತಿದೆವು. ಅವ್ವನಿಗೆ ಮುಂದೆ ಹೆಂಗಸರ ಸೀಟು ಸಿಕ್ಕಿತು. ಮಾಮಾ ಹಿಂದೆ ಕಂಬ ಹಿಡಿದು ನಿಂತಿದ್ದರು. ನಾನು ಜನರನ್ನು ಸರಿಸಿಕೊಂಡು ಅವರ ಹತ್ತಿರ ಹೋದೆ. ಕೂಕಟ್‌ಪಲ್ಲಿ ಬರುವುದರೊಳಗೆ ಹೇಳದಿದ್ದರೆ ಇನ್ನೆಂದೂ ಹೇಳುವುದಿಲ್ಲ ಎಂದು ನನಗೆ ಖಾತ್ರಿ ಇತ್ತು.

"ಮಾಮಾ," ಎಂದೆ. "ನಿಮಗ ಒಂದು ಹಾಳಿ ತೋರಿಸಿದ್ರಲ್ಲ..."

"ಹೂಂ."

"ಅದು ನಾ ಬರದದ್ದು."

ಬಸ್ಸು ಒಂದು ನಿಲ್ದಾಣದಲ್ಲಿ ನಿಂತು ಮತ್ತೆ ಹೊರಟಿತು. ಮಾಮಾ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು, "ಗೊತ್ತೈತಿ."

"ಚಿಕ್ಕ ಮಾಲೀಕರು ಹೇಳಿದ್ರೇನ್ರಿ?"

"ಅವರೇನು ಹೇಳಲಿಲ್ಲ. ಹಾಳ್ಯಾಗ ನನ್ನ ಅಡ್ಡಹೆಸರು ಸರಿ ಇತ್ತು."

ತಪ್ಪಾಯಿತು ಎಂದೆ. ಆ ಗದ್ದಲದಲ್ಲಿ ಕೇಳಿಸಿತೋ ಇಲ್ಲವೋ. ಸ್ವಲ್ಪ ಹೊತ್ತಿನ ಮೇಲೆ ಅವರೇ, "ದೀಪಾವಳಿ ಡಬ್ಬಿ ಮ್ಯಾಲೂ ಸರಿ ಇರತಿತ್ತು," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು, ಅದನ್ನೂ ಅವರು ಮಾಡಲಿಲ್ಲ.

ಕೂಕಟ್‌ಪಲ್ಲಿ ಬಂತು. ಅವ್ವ ಮುಂದಿನ ಬಾಗಿಲಿನಿಂದ ಇಳಿದು ಕಿಟಕಿಯ ಕೆಳಗೆ ಬಂದು ನಿಂತಳು. ನಾನೂ ಇಳಿದೆ. "ಅಣ್ಣಾ, ಇಳಿ. ಇಷ್ಟು ದೂರ ಬಂದು ಹಂಗಽ ಹೋಗ್ತೀಯೇನು?" ಎಂದು ಅವ್ವ ಕೂಗಿದಳು. "ಮನ್ಯಾಗ ಪುಂಡಿಪಲ್ಯ ಮಾಡೀನಿ. ಉಂಡು ಹೋಗು."

ಮಾಮಾ ಕಿಟಕಿಯಿಂದ ಬಾಗಿದರು. ನನ್ನ ಕಡೆ ನೋಡಲಿಲ್ಲ, ಅವ್ವನನ್ನೇ ನೋಡುತ್ತಾ ನಕ್ಕರು.

"ಬ್ಯಾಡ ತಂಗಿ. ಊಟಕ್ಕ ಕುಂತ್ರ ನಾ ಭಾಳ ಮಾತಾಡ್ತೀನಿ."

ಅವ್ವನಿಗೆ ಅದು ತಮಾಷೆ. "ಇವನಿಗೆ ಮೊದಲಿಂದ ಹಿಂಗಽ," ಎಂದು ನನ್ನ ಕೈ ಹಿಡಿದುಕೊಂಡು ಜೋರಾಗಿ ನಕ್ಕಳು. ಬಸ್ಸು ಹೊರಟಿತು.